ಪ್ರೋಗ್ರಾಂ ಒಳಗಿನಿಂದಲೇ ಕಂಪ್ಯೂಟರಿನ ಹಾರ್ಡ್‌ವೇರ್ ಮಾಹಿತಿ ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಕುಮಟಾ, ಕಾರವಾರದ ಕಡೆ ಸೊಸೈಟಿ, ಅಡಿಕೆ ವಖಾರಿ, ಮೆಡಿಕಲ್ ಶಾಪ್, ಶಾಲೆಗಳಿಗೆ ಸಣ್ಣ ಸಾಫ್ಟ್‌ವೇರ್ ಬರೆದುಕೊಡುವ ಹುಡುಗ ಹುಡುಗಿಯರು ಈಗ ಬಹಳ ಇದ್ದಾರೆ. ಅವರು ಫೋನಿನಲ್ಲಿ, ವಾಟ್ಸಾಪಿನಲ್ಲಿ, ಎದುರು ಸಿಕ್ಕಾಗ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಕ್ಲಾಸ್ ಮತ್ತು ಕಮಾಂಡುಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

## ಶುರುವಿನ ಪ್ರಶ್ನೆಗಳು

ತಾನು ಯಾವ ಮೆಷಿನ್ ಮೇಲೆ ಓಡ್ತಾ ಇದ್ದೇನೆ ಅಂತ ಪ್ರೋಗ್ರಾಂಗೆ ಹೇಗೆ ಗೊತ್ತಾಗುತ್ತೆ?

ತಾನಾಗಿ ಗೊತ್ತಾಗುವುದಿಲ್ಲ. ಯಾರನ್ನಾದರೂ ಕೇಳಬೇಕು. ಕೇಳಲು ನಾಲ್ಕು ಜಾಗ ಇದೆ.

ಒಂದು, ಪ್ರೊಸೆಸರ್. ಇಂಟೆಲ್ ಮತ್ತು ಎಎಂಡಿ ಚಿಪ್‌ಗಳಲ್ಲಿ ಸಿಪಿಯುಐಡಿ ಎಂಬ ಇನ್‌ಸ್ಟ್ರಕ್ಷನ್ ಇದೆ. 1993ರ ಪೆಂಟಿಯಂ ಕಾಲದಿಂದ ಬಂದದ್ದು. ಅದನ್ನು ಓಡಿಸಿದರೆ ಚಿಪ್ ತನ್ನ ಕಂಪನಿ, ಮಾಡೆಲ್, ತನಗೆ ಏನೇನು ಬರುತ್ತದೆ ಎಂದು ಹೇಳುತ್ತದೆ. ಎರಡು, ಬಯೋಸ್ (ಮೆಷಿನ್ ಆನ್ ಆದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಬರೆದಿಟ್ಟ ಪಟ್ಟಿ. ಇದಕ್ಕೆ ಎಸ್‌ಎಂಬಯೋಸ್ ಎನ್ನುತ್ತಾರೆ. ಮದರ್‌ಬೋರ್ಡಿನ ಹೆಸರು, ಸೀರಿಯಲ್ ನಂಬರ್, ಯಾವ ಸ್ಲಾಟಿನಲ್ಲಿ ಎಷ್ಟು ರ‍್ಯಾಮ್, ಎಲ್ಲ ಅದರಲ್ಲಿ ಇರುತ್ತದೆ. ಮೂರು, ಡ್ರೈವರ್ (ಸಾಧನದ ಜೊತೆ ಮಾತಾಡುವ ಸಾಫ್ಟ್‌ವೇರ್) ಮೂಲಕ ಆಯಾ ಸಾಧನ. ಹಾರ್ಡ್‌ಡಿಸ್ಕಿನ ಸೀರಿಯಲ್ ನಂಬರ್ ಹೀಗೆ ಬರುತ್ತದೆ. ನಾಲ್ಕು, ಆಪರೇಟಿಂಗ್ ಸಿಸ್ಟಮ್. ಅದು ಮೊದಲ ಮೂರು ಕಡೆಯಿಂದ ಕೇಳಿ ತಿಳಿದದ್ದನ್ನು ಒಟ್ಟು ಮಾಡಿ ನಮಗೆ ಕೊಡುತ್ತದೆ.

ನಾವು ಬಹುತೇಕ ನಾಲ್ಕನೆಯವರನ್ನೇ ಕೇಳುತ್ತೇವೆ. ಆದರೆ ಉತ್ತರ ವಿಚಿತ್ರವಾಗಿ ಬಂದಾಗ, ಮೂಲದಲ್ಲಿ ಹೇಳಿದ್ದು ಯಾರು ಎಂದು ಹುಡುಕಲೇಬೇಕು. ಮುಂದಿನ ಮುಕ್ಕಾಲು ಪಾಲು ಪ್ರಶ್ನೆಗಳ ಉತ್ತರ ಅಲ್ಲೇ ಇದೆ.

ವಿಂಡೋಸ್‌ನಲ್ಲಿ ಎಲ್ಲಿಂದ ಶುರು ಮಾಡಲಿ ಸರ್?

ಡಬ್ಲ್ಯುಎಂಐಯಿಂದ. ಮೆಷಿನ್ನಿನ ಮಾಹಿತಿ ಕೇಳಲು ವಿಂಡೋಸ್ ಒಳಗೇ ಇರುವ ವ್ಯವಸ್ಥೆ ಇದು. ವಿಂಡೋಸ್ 2000ರಿಂದ ಇದು ಸಿಸ್ಟಮ್ ಜೊತೆಗೇ ಬರುತ್ತದೆ, ಬೇರೆ ಏನೂ ಹಾಕಿಕೊಳ್ಳಬೇಕಾಗಿಲ್ಲ. ಒಂದೊಂದು ಬಗೆಯ ಹಾರ್ಡ್‌ವೇರಿಗೆ ಒಂದೊಂದು ಕ್ಲಾಸ್ ಇದೆ: ವಿನ್32_ಪ್ರೊಸೆಸರ್, ವಿನ್32_ಬಯೋಸ್, ವಿನ್32_ಬೇಸ್‌ಬೋರ್ಡ್, ವಿನ್32_ಫಿಸಿಕಲ್‌ಮೆಮೊರಿ, ವಿನ್32_ಡಿಸ್ಕ್‌ಡ್ರೈವ್. ಎಸ್‌ಕ್ಯೂಎಲ್ ಬಂದರೆ ಇದೂ ಬಂದ ಹಾಗೆಯೇ, ಸೆಲೆಕ್ಟ್ ವಾಕ್ಯದ ಹಾಗೇ ಕೇಳುವುದು. ಸಿ ಶಾರ್ಪ್‌ನಲ್ಲಿ ಸಿಸ್ಟಮ್ ಡಾಟ್ ಮ್ಯಾನೇಜ್‌ಮೆಂಟ್ ಸೇರಿಸಿಕೊಂಡು ಮ್ಯಾನೇಜ್‌ಮೆಂಟ್‌ಆಬ್ಜೆಕ್ಟ್‌ಸರ್ಚರ್ ಬಳಸಿ.

ಕೋಡ್ ಬರೆಯುವ ಮೊದಲು ಪವರ್‌ಶೆಲ್ ತೆರೆದು ಗೆಟ್-ಸಿಮ್‌ಇನ್‌ಸ್ಟನ್ಸ್ ಎಂದು ಬರೆದು, ಮುಂದೆ ಕ್ಲಾಸಿನ ಹೆಸರು ಕೊಟ್ಟು ನೋಡಿ. ಅಲ್ಲಿ ಬಾರದ್ದು ನಿಮ್ಮ ಕೋಡಿನಲ್ಲೂ ಬರುವುದಿಲ್ಲ. ಎಷ್ಟೋ ಹೊತ್ತಿನ ತಲೆನೋವು ಇದರಿಂದಲೇ ಉಳಿಯುತ್ತದೆ.

ಹಳೇ ಬ್ಯಾಚ್ ಫೈಲಿನಲ್ಲಿ ಡಬ್ಲ್ಯುಎಂಐಸಿ ಅಂತ ಇತ್ತು. ಹೊಸ ಲ್ಯಾಪ್‌ಟಾಪಿನಲ್ಲಿ ಆ ಕಮಾಂಡೇ ಇಲ್ಲ ಅಂತದೆ?

ಹೌದು. ಅದನ್ನು 2021ರಲ್ಲೇ ಕೈಬಿಡುವ ಪಟ್ಟಿಗೆ ಸೇರಿಸಿದ್ದರು. ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ತಾನಾಗಿ ಬರುವುದಿಲ್ಲ. ಹೋದದ್ದು ಆ ಕಮಾಂಡ್ ಮಾತ್ರ, ಡಬ್ಲ್ಯುಎಂಐ ಹಾಗೇ ಇದೆ. ಬ್ಯಾಚ್ ಫೈಲಿನಿಂದ ಪವರ್‌ಶೆಲ್ ಕರೆದರೆ ಆಯ್ತು.

ಲಿನಕ್ಸ್‌ನಲ್ಲಿ ಇದೆಲ್ಲ ಕಷ್ಟ ಅಲ್ವಾ?

ಇನ್ನೂ ಸುಲಭ. ಅಲ್ಲಿ ಹಾರ್ಡ್‌ವೇರ್ ಮಾಹಿತಿ ಫೈಲ್ ರೂಪದಲ್ಲೇ ಕಾಣುತ್ತದೆ. ಪ್ರೊಕ್ ಫೋಲ್ಡರಿನಲ್ಲಿ ಸಿಪಿಯುಇನ್ಫೋ, ಮೆಮ್‌ಇನ್ಫೋ ಎಂಬ ಫೈಲುಗಳಿವೆ. ತೆರೆದು ಓದುವುದು, ಅಷ್ಟೇ. ಮದರ್‌ಬೋರ್ಡಿನ ವಿವರ ಸಿಸ್ ಫೋಲ್ಡರಿನ ಒಳಗೆ ಡಿಎಂಐ ಎಂಬಲ್ಲಿ ಸಿಗುತ್ತದೆ. ಸೀರಿಯಲ್ ನಂಬರ್ ಓದಲು ಮಾತ್ರ ರೂಟ್ (ಅಡ್ಮಿನ್) ಅನುಮತಿ ಬೇಕು. ಮಾಡೆಲ್ ಹೆಸರನ್ನು ಯಾರು ಬೇಕಾದರೂ ಓದಬಹುದು.

ಪೈಥಾನ್, ಜಾವಾದಲ್ಲಿ ಬರೆಯುವವರು ಏನು ಮಾಡಬೇಕು?

ಪೈಥಾನ್‌ನಲ್ಲಿ ಪಿಎಸ್‌ಯುಟಿಲ್ ಲೈಬ್ರರಿ ಹಾಕಿಕೊಳ್ಳಿ. ರ‍್ಯಾಮ್, ಡಿಸ್ಕಿನ ಜಾಗ, ಬ್ಯಾಟರಿ, ನೆಟ್‌ವರ್ಕ್ ಎಲ್ಲ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಒಂದೇ ಕೋಡಿನಿಂದ ಬರುತ್ತದೆ. ಸೀರಿಯಲ್ ನಂಬರ್ ಅದರಲ್ಲಿ ಸಿಗುವುದಿಲ್ಲ. ಜಾವಾ ಬೇಕೆಂದೇ ಹಾರ್ಡ್‌ವೇರಿನಿಂದ ದೂರ ಉಳಿದ ಭಾಷೆ. ಕೋರ್‌ಗಳ ಸಂಖ್ಯೆ, ಸಿಸ್ಟಮಿನ ಹೆಸರು ಬಿಟ್ಟರೆ ತಾನಾಗಿ ಜಾಸ್ತಿ ಏನೂ ಕೊಡುವುದಿಲ್ಲ. ಓಷಿ ಎಂಬ ಉಚಿತ ಲೈಬ್ರರಿ ಆ ಕೊರತೆ ತುಂಬುತ್ತದೆ.

500 ಜಿಬಿ ಡಿಸ್ಕ್ ತಗೊಂಡಿದ್ದೆ. ನನ್ನ ಪ್ರೋಗ್ರಾಂ 465 ಅಂತ ತೋರಿಸ್ತಾ ಇದೆ. ಅಂಗಡಿಯವರು ಮೋಸ ಮಾಡಿದ್ರಾ?

ಇಲ್ಲ. ಡಿಸ್ಕ್ ಕಂಪನಿ ಒಂದು ಜಿಬಿಗೆ 100 ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತದೆ. ವಿಂಡೋಸ್ 1024ನ್ನು ಮೂರು ಸಲ ಗುಣಿಸಿ, 107,37,41,824 ಬೈಟ್ ಎಂದು ಹಿಡಿಯುತ್ತದೆ. 500 ಜಿಬಿಯನ್ನು ಹಾಗೆ ಭಾಗಿಸಿದರೆ 465.66. ಡಿಸ್ಕ್ ಅಷ್ಟೇ ಇದೆ, ಅಳತೆ ಬೇರೆ. ಗ್ರಾಹಕರಿಗೆ ತೋರಿಸುವ ರಿಪೋರ್ಟಿನಲ್ಲಿ ಡಬ್ಬಿಯ ಮೇಲಿನ ಅಳತೆಯನ್ನೇ ಹಾಕಿ, ಅರ್ಧ ಫೋನು ಕಡಿಮೆಯಾಗುತ್ತದೆ.

ಹೊನ್ನಾವರದ ಒಂದು ಅಂಗಡಿಯಲ್ಲಿ ರ‍್ಯಾಮ್ ಎರಡು ಹಾಕಿದ್ದಾರೆ. ಪ್ರೋಗ್ರಾಂ ಒಂದೇ ತೋರಿಸುತ್ತೆ. ನನ್ನ ಕೋಡ್ ತಪ್ಪಾ?

ವಿನ್32_ಫಿಸಿಕಲ್‌ಮೆಮೊರಿಯಲ್ಲಿ ಒಂದೊಂದು ರ‍್ಯಾಮ್ ಕಡ್ಡಿಗೆ ಒಂದೊಂದು ಸಾಲು ಬರುತ್ತದೆ. ಸಾಲುಗಳ ಮೇಲೆ ಲೂಪ್ ಹಾಕಿದ್ದೀರಾ, ಅಥವಾ ಮೊದಲನೆಯದನ್ನು ಮಾತ್ರ ಓದಿ ನಿಲ್ಲಿಸಿದ್ದೀರಾ ನೋಡಿ. ಲೂಪ್ ಸರಿ ಇದ್ದೂ ಒಂದೇ ಬಂದರೆ ಕೋಡಿನ ತಪ್ಪಲ್ಲ. ಬಯೋಸಿಗೇ ಎರಡನೆಯದು ಕಾಣುತ್ತಿಲ್ಲ.

ನಮ್ಮ ಕರಾವಳಿಯಲ್ಲಿ ಇದು ಹೊಸದೇನಲ್ಲ. ಉಪ್ಪುಗಾಳಿ, ಮಳೆಗಾಲದ ತೇವ ಎರಡೂ ಸೇರಿ ಸ್ಲಾಟಿನ ಒಳಗೆ ಕಿಲುಬು ಹಿಡಿಯುತ್ತದೆ. ಪ್ಲಗ್ ತೆಗೆದು, ಕಡ್ಡಿ ಬಿಚ್ಚಿ, ಅಂಚಿನ ಬಂಗಾರದ ಬಣ್ಣದ ಪಟ್ಟಿಯನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ. ಬಹಳ ಸಲ ಅಷ್ಟಕ್ಕೇ ಎರಡೂ ಕಾಣುತ್ತವೆ. ಕಾರವಾರದ ಬೈತಖೋಲ್ ಬಂದರದ ಹತ್ತಿರದ ಆಫೀಸುಗಳಿಗೆ ಪ್ರೋಗ್ರಾಂ ಕೊಡುವವರಿಗೆ ನನ್ನ ಸಲಹೆ ಒಂದಿದೆ. ರ‍್ಯಾಮ್ ಎಷ್ಟಿದೆ ಎಂದು ಪ್ರತಿ ಸಲ ಶುರುವಾಗುವಾಗ ಬರೆದಿಡಿ. ನಿನ್ನೆ 8 ಇದ್ದದ್ದು ಇವತ್ತು 4 ಆದರೆ ತೆರೆಯ ಮೇಲೆ ಹೇಳಿಬಿಡಿ. ಕಂಪ್ಯೂಟರ್ ನಿಧಾನ ಆಯ್ತು ಅಂತ ಅವರು ನಿಮ್ಮ ಸಾಫ್ಟ್‌ವೇರನ್ನು ಬೈಯುವ ಮೊದಲೇ ಕಾರಣ ಅವರ ಕಣ್ಣೆದುರು ಇರುತ್ತದೆ.

ವೆಬ್‌ಸೈಟಿನಿಂದ ಗ್ರಾಹಕರ ಕಂಪ್ಯೂಟರಿನ ಸೀರಿಯಲ್ ನಂಬರ್ ತೆಗೆಯಬಹುದಾ?

ಆಗುವುದಿಲ್ಲ, ಆಗಬಾರದು ಕೂಡ. ಬ್ರೌಸರ್ ಕೋರ್‌ಗಳ ಸಂಖ್ಯೆ, ರ‍್ಯಾಮಿನ ಅಂದಾಜು, ತೆರೆಯ ಅಳತೆ, ಇಷ್ಟನ್ನು ಕೊಡುತ್ತದೆ. ಸೀರಿಯಲ್ ನಂಬರ್ ಬೇಕೇ ಬೇಕು ಎಂದರೆ ಗ್ರಾಹಕರು ತಾವಾಗಿ ಹಾಕಿಕೊಳ್ಳುವ ಬೇರೆ ಪ್ರೋಗ್ರಾಂ ಕೊಡಬೇಕು.

## ನಂಬರುಗಳ ವಿಷಯ

ಮದರ್‌ಬೋರ್ಡಿನ ಸೀರಿಯಲ್ ಕೇಳಿದರೆ "ಟು ಬಿ ಫಿಲ್ಡ್ ಬೈ ಓಇಎಂ" ಅಂತ ಬರುತ್ತದೆ. ಏನಿದು?

ತುಂಬದೇ ಬಿಟ್ಟ ಜಾಗ. ಬಯೋಸ್ ಬರೆಯುವವರು ಆ ಜಾಗವನ್ನು ಮೆಷಿನ್ ಜೋಡಿಸುವ ಕಂಪನಿಗೆ ಬಿಟ್ಟಿರುತ್ತಾರೆ. ಅಂಗಡಿಯಲ್ಲಿ ಬಿಡಿ ಭಾಗ ತಂದು ಜೋಡಿಸಿದ ಮೆಷಿನ್ ಆದರೆ ತುಂಬುವವರೇ ಇಲ್ಲ. "ಡೀಫಾಲ್ಟ್ ಸ್ಟ್ರಿಂಗ್", ಬರೀ ಸೊನ್ನೆಗಳು, ಖಾಲಿ, ಹೀಗೂ ಬರುವುದುಂಟು. ನಮ್ಮ ಕಡೆ ಜೋಡಿಸಿದ ಮೆಷಿನ್ ಜಾಸ್ತಿ. ಹಾಗಾಗಿ ಇದನ್ನು ಅಪರೂಪ ಎಂದುಕೊಳ್ಳಬೇಡಿ. ಈ ಮಾತುಗಳ ಪಟ್ಟಿ ಮಾಡಿ, ಬಂದರೆ ನಂಬರ್ ಇಲ್ಲ ಎಂದೇ ಹಿಡಿಯಿರಿ. ಕಂಪನಿ ಲ್ಯಾಪ್‌ಟಾಪುಗಳಲ್ಲಿ ಈ ತೊಂದರೆ ಕಡಿಮೆ. ಡೆಲ್ ಮೆಷಿನ್ನಿನಲ್ಲಿ ವಿನ್32_ಬಯೋಸ್ ಕೊಡುವ ಸೀರಿಯಲ್ ನಂಬರೇ ಅದರ ಸರ್ವೀಸ್ ಟ್ಯಾಗ್.

ಲ್ಯಾಬಿನ ಎಲ್ಲ ಕಂಪ್ಯೂಟರಿನಲ್ಲೂ ಪ್ರೊಸೆಸರ್ ಐಡಿ ಒಂದೇ ಬರ್ತಾ ಇದೆ. ಹೇಗೆ ಸಾಧ್ಯ?

ಅದು ಐಡಿ ಎಂಬ ಹೆಸರಿನ ಮಾಡೆಲ್ ನಂಬರ್. ವಿನ್32_ಪ್ರೊಸೆಸರ್‌ನ ಪ್ರೊಸೆಸರ್‌ಐಡಿಯಲ್ಲಿ ಇರುವುದು ಚಿಪ್ಪಿನ ಕುಟುಂಬ, ಮಾಡೆಲ್, ಅದಕ್ಕೆ ಬರುವ ಸೌಲಭ್ಯಗಳ ಗುರುತು. ಒಂದೇ ಮಾಡೆಲಿನ ಎಲ್ಲ ಚಿಪ್ಪಿಗೂ ಅದು ಒಂದೇ. 1999ರಲ್ಲಿ ಪೆಂಟಿಯಂ 3ರಲ್ಲಿ ಇಂಟೆಲ್ ನಿಜವಾದ ಸೀರಿಯಲ್ ನಂಬರ್ ಇಟ್ಟಿತ್ತು. ಜನರ ಖಾಸಗಿತನಕ್ಕೆ ಧಕ್ಕೆ ಎಂದು ದೊಡ್ಡ ಗಲಾಟೆಯಾಯಿತು, ಮುಂದಿನ ಪೆಂಟಿಯಂ 4ರಲ್ಲಿ ತೆಗೆದರು. ಈಗಲೂ ಆ ಪ್ರೊಸೆಸರ್‌ಐಡಿಯನ್ನೇ ಬಳಸಿ ಲೈಸೆನ್ಸ್ ಮಾಡುವ ಕೋಡ್ ಹರಿದಾಡುತ್ತಿದೆ. ದಯವಿಟ್ಟು ಕಾಪಿ ಮಾಡಬೇಡಿ. ಒಂದು ಕೀ ಇಡೀ ಲ್ಯಾಬಿನಲ್ಲಿ ಓಡುತ್ತದೆ.

ಡಿಸ್ಕ್ ಫಾರ್ಮ್ಯಾಟ್ ಮಾಡಿದ ಮೇಲೆ ಸೀರಿಯಲ್ ನಂಬರೇ ಬದಲಾಯ್ತು!

ನೀವು ಓದುತ್ತಿರುವುದು ವಾಲ್ಯೂಮ್ ಸೀರಿಯಲ್. ಸಿ ಡ್ರೈವ್ ಫಾರ್ಮ್ಯಾಟ್ ಮಾಡುವಾಗ ವಿಂಡೋಸ್ ಹಾಕುವ ನಂಬರ್ ಅದು, ಪ್ರತಿ ಫಾರ್ಮ್ಯಾಟಿಗೂ ಹೊಸದು. ಫ್ಯಾಕ್ಟರಿಯಲ್ಲಿ ಹಾಕಿದ ನಂಬರ್ ಬೇಕಾದರೆ ವಿನ್32_ಡಿಸ್ಕ್‌ಡ್ರೈವ್‌ನ ಸೀರಿಯಲ್‌ನಂಬರ್ ಓದಬೇಕು.

ಅಲ್ಲೂ ಒಂದು ಸೂಕ್ಷ್ಮ ಇದೆ. ಹಳೆಯ ಸಾಟಾ ಡಿಸ್ಕ್ ತನ್ನ ವಿವರವನ್ನು 512 ಬೈಟಿನ ಒಂದು ತುಂಡಾಗಿ ಕೊಡುತ್ತದೆ. ಅದರಲ್ಲಿ 20 ಅಕ್ಷರ ಸೀರಿಯಲ್ ನಂಬರಿಗೆ. ಆದರೆ ಅಕ್ಷರಗಳು ಎರಡೆರಡಾಗಿ ಅದಲುಬದಲಾಗಿ ಕೂತಿರುತ್ತವೆ: 1234 ಎಂಬುದು 2143 ಆಗಿ. ಕೆಲವು ಡ್ರೈವರ್ ಅದನ್ನು ಸರಿಪಡಿಸಿ ಕೊಡುತ್ತವೆ, ಕೆಲವು ಹಾಗೇ ಕೊಡುತ್ತವೆ. ಮುಂದೆ ಹಿಂದೆ ಖಾಲಿ ಜಾಗವೂ ಸೇರಿರುತ್ತದೆ. ಡಿಸ್ಕಿನ ಮೇಲಿನ ಚೀಟಿ ನೋಡಿ ಹೋಲಿಸಿ, ಟ್ರಿಮ್ ಮಾಡಿ, ಆಮೇಲೆ ಡೇಟಾಬೇಸಿಗೆ ಹಾಕಿ.

ಮ್ಯಾಕ್ ಅಡ್ರೆಸ್ ಇಡೀ ಲೋಕದಲ್ಲೇ ಒಂದೇ ಅಂತಾರೆ, ಅದನ್ನೇ ಬಳಸಲಾ?

48 ಬಿಟ್ಟಿನ ಆ ನಂಬರಿನ ಮೊದಲರ್ಧ ಕಂಪನಿಯದ್ದು, ಉಳಿದರ್ಧ ಕಾರ್ಡಿನದ್ದು. ಲೆಕ್ಕದ ಪ್ರಕಾರ ಬೇರೆ ಬೇರೆಯೇ. ಆದರೆ ಯಾರು ಬೇಕಾದರೂ ಅದನ್ನು ಸೆಟಿಂಗ್ಸ್‌ನಲ್ಲಿ ಬದಲಿಸಬಹುದು. ವಿಂಡೋಸ್ 10ರಿಂದ ಈಚೆಗೆ ವೈಫೈಗೆ ಮನಬಂದ ಅಡ್ರೆಸ್ ಹಾಕುವ ಸೌಲಭ್ಯವೂ ಇದೆ. ಮೊಬೈಲಿನಿಂದ ಯುಎಸ್‌ಬಿ ಮೂಲಕ ನೆಟ್ ಕೊಟ್ಟರೆ ಇನ್ನೊಂದು ಕಾರ್ಡ್ ಬರುತ್ತದೆ, ಕಿತ್ತರೆ ಹೋಗುತ್ತದೆ. ನಮ್ಮ ಹಳ್ಳಿ ಸೊಸೈಟಿಗಳಲ್ಲಿ ನೆಟ್ ಹೀಗೇ ಅಲ್ವಾ? ಒಂದು ಸುಳಿವಾಗಿ ಇರಲಿ, ಇದೊಂದನ್ನೇ ನಂಬಬೇಡಿ.

ಹಾಗಾದರೆ ಲೈಸೆನ್ಸನ್ನು ಯಾವುದಕ್ಕೆ ಕಟ್ಟಲಿ ಹೇಳಿ ಸರ್!

ನನ್ನನ್ನು ಅತಿ ಜಾಸ್ತಿ ಕೇಳಿದ ಪ್ರಶ್ನೆ ಇದು. ಉತ್ತರಕ್ಕಿಂತ ಮೊದಲು ಶಿರಸಿಯ ಒಂದು ವಖಾರಿಯಲ್ಲಿ ಕಂಡದ್ದನ್ನು ಹೇಳಬೇಕು.

ಏಪ್ರಿಲ್ ಕೊನೆ. ಚಾಲಿ ಅಡಿಕೆ ಬರುತ್ತಿದ್ದ ಹೊತ್ತು. ಹಿಂದಿನ ಸಂಜೆ ಗುಡುಗು ಸಿಡಿಲು, ಮದರ್‌ಬೋರ್ಡ್ ಸುಟ್ಟುಹೋಗಿತ್ತು. ಬೆಳಿಗ್ಗೆ ರಿಪೇರಿಯವರು ಬೇರೆ ಬೋರ್ಡ್ ಹಾಕಿಕೊಟ್ಟರು. ಡಿಸ್ಕ್ ಅದೇ, ಲೆಕ್ಕ ಎಲ್ಲ ಅದರಲ್ಲೇ ಭದ್ರ. ಆದರೆ ಬಿಲ್ಲಿನ ಪ್ರೋಗ್ರಾಂ ತೆರೆಯಲೇ ಇಲ್ಲ, "ಇದು ಬೇರೆ ಕಂಪ್ಯೂಟರ್" ಎಂದು ಕೂತಿತು. ಬರೆದುಕೊಟ್ಟವರ ಫೋನು ಹತ್ತುತ್ತಿಲ್ಲ. ಹೊರಗೆ ಚೀಲ ಇಳಿಸಿ ಬೆಳೆಗಾರರು ಕಾಯುತ್ತಿದ್ದಾರೆ. ಯಜಮಾನರು ಕೊನೆಗೆ ಪುಸ್ತಕ ತೆಗೆದು ಕೈಬರಹದಲ್ಲೇ ತೂಕ, ದರ ಬರೆದರು. ಕಾಸು ಕೊಟ್ಟು ಕೊಂಡ ಸಾಫ್ಟ್‌ವೇರ್ ಅದು, ಕದ್ದದ್ದಲ್ಲ.

ಅದಕ್ಕೇ ನಾನು ಹೇಳುವುದು ಹೀಗೆ. ಒಂದೇ ನಂಬರಿಗೆ ಕಟ್ಟಬೇಡಿ. ಮದರ್‌ಬೋರ್ಡಿನ ಯುಯುಐಡಿ (ಬಯೋಸ್ ಕೊಡುವ ಗುರುತಿನ ನಂಬರ್), ಡಿಸ್ಕಿನ ಸೀರಿಯಲ್, ವಿಂಡೋಸ್ ರಿಜಿಸ್ಟ್ರಿಯಲ್ಲಿ (ಸೆಟಿಂಗ್ಸ್ ಬರೆದಿಡುವ ಜಾಗ) ಇರುವ ಮೆಷಿನ್‌ಜಿಯುಐಡಿ, ಹೀಗೆ ಮೂರು ನಾಲ್ಕು ತೆಗೆದುಕೊಳ್ಳಿ. ಒಂದೊಂದನ್ನೂ ಬೇರೆ ಬೇರೆ ಹ್ಯಾಶ್ ಮಾಡಿ (ಅಂದರೆ ಮೂಲ ನಂಬರ್ ಕಾಣದ ಹಾಗೆ ಲೆಕ್ಕ ಹಾಕಿ ತೆಗೆದ ಗುರುತಾಗಿ) ಇಡಿ. ಎಲ್ಲ ಸೇರಿಸಿ ಒಂದೇ ಹ್ಯಾಶ್ ಮಾಡಿದರೆ ಒಂದು ಬದಲಾದರೂ ಪೂರ್ತಿ ಬದಲಾಗುತ್ತದೆ. ಅರ್ಧಕ್ಕಿಂತ ಜಾಸ್ತಿ ಹೊಂದಿದರೆ ಅದೇ ಮೆಷಿನ್ ಎಂದು ಒಪ್ಪಿ, ಹೊಸ ನಂಬರನ್ನು ಸುಮ್ನೆ ಬರೆದುಕೊಳ್ಳಿ. ಹೊಂದದೇ ಹೋದರೂ ಬಾಗಿಲು ಮುಚ್ಚಬೇಡಿ. ಎರಡು ವಾರ ಓಡಲಿ, ಮೇಲೆ ಒಂದು ಸಾಲಿನ ಸೂಚನೆ ಇರಲಿ. ಅಷ್ಟರಲ್ಲಿ ಅವರು ನಿಮಗೆ ಫೋನ್ ಮಾಡುತ್ತಾರೆ.

ಮೆಷಿನ್‌ಜಿಯುಐಡಿ ಬಗ್ಗೆ ಒಂದು ಎಚ್ಚರಿಕೆ: ಒಂದು ಡಿಸ್ಕಿನ ನಕಲು ಮಾಡಿ ಹತ್ತು ಮೆಷಿನ್ನಿಗೆ ಹಾಕಿದರೆ ಹತ್ತರಲ್ಲೂ ಅದು ಒಂದೇ ಇರುತ್ತದೆ.

ವಿಂಡೋಸ್ 11 ಇದ್ದರೂ ನನ್ನ ಪ್ರೋಗ್ರಾಂ 6.2 ಅಂತ ತೋರಿಸುತ್ತೆ?

6.2 ಎಂದರೆ ವಿಂಡೋಸ್ 8. ಹಳೆಯ ಗೆಟ್‌ವರ್ಷನ್‌ಎಕ್ಸ್ ಬಳಸಿ, ಮ್ಯಾನಿಫೆಸ್ಟಿನಲ್ಲಿ (ಪ್ರೋಗ್ರಾಂ ತನ್ನ ಬಗ್ಗೆ ವಿಂಡೋಸ್‌ಗೆ ಹೇಳುವ ಫೈಲ್) ಹೊಸ ವಿಂಡೋಸ್ ಗೊತ್ತು ಎಂದು ಬರೆಯದಿದ್ದರೆ ವಿಂಡೋಸ್ ಬೇಕೆಂದೇ ಹಾಗೆ ಹೇಳುತ್ತದೆ. ಹಳೆಯ ಪ್ರೋಗ್ರಾಂಗಳು ಹೊಸ ನಂಬರ್ ನೋಡಿ ನಿಂತುಹೋಗಬಾರದು ಎಂದು ಮಾಡಿದ ವ್ಯವಸ್ಥೆ. ಮ್ಯಾನಿಫೆಸ್ಟ್ ಸರಿಪಡಿಸಿದ ಮೇಲೂ 10.0 ಎಂದೇ ಬರುತ್ತದೆ. ವಿಂಡೋಸ್ 11ರ ಒಳಗಿನ ನಂಬರ್ ಅದೇ. ಬಿಲ್ಡ್ ನಂಬರ್ 22000 ಅಥವಾ ಮೇಲಿದ್ದರೆ 11 ಎಂದು ತಿಳಿಯಿರಿ.

ಗ್ರಾಫಿಕ್ಸ್ ಕಾರ್ಡ್ 8 ಜಿಬಿದು. 4ರ ಮೇಲೆ ಹೋಗೋದೇ ಇಲ್ಲ.

ವಿನ್32_ವಿಡಿಯೋಕಂಟ್ರೋಲರ್‌ನ ಅಡಾಪ್ಟರ್‌ರ‍್ಯಾಮ್ 32 ಬಿಟ್ಟಿನ ಸಂಖ್ಯೆ. ಅದರಲ್ಲಿ 4 ಜಿಬಿಗಿಂತ ದೊಡ್ಡದು ಹಿಡಿಯುವುದಿಲ್ಲ. ಡಿಎಕ್ಸ್‌ಜಿಐ (ವಿಂಡೋಸ್‌ನ ಗ್ರಾಫಿಕ್ಸ್ ಲೈಬ್ರರಿ) ಮೂಲಕ ಕೇಳಿ, ಸರಿಯಾಗಿ ಬರುತ್ತದೆ.

## ಇನ್ನೂ ಆಳಕ್ಕೆ

ನನ್ನ ಫಾರಂ ತೆರೆಯುವಾಗ ಸ್ವಲ್ಪ ಹೊತ್ತು ಸಿಕ್ಕಿಹಾಕಿಕೊಂಡ ಹಾಗೆ ಆಗುತ್ತದೆ. ಡಬ್ಲ್ಯುಎಂಐ ತೆಗೆದರೆ ಸರಿ ಹೋಗುತ್ತೆ.

ಡಬ್ಲ್ಯುಎಂಐ ನಿಧಾನ, ಅದು ನಿಜ. ಮೂರು ಕೆಲಸ ಮಾಡಿ. ಸೆಲೆಕ್ಟ್ ಸ್ಟಾರ್ ಬಿಟ್ಟು ಬೇಕಾದ ಕಾಲಂ ಮಾತ್ರ ಕೇಳಿ. ತೆರೆಯ ಕೆಲಸ ಮಾಡುವ ಥ್ರೆಡ್ಡಿನಿಂದ ಕೇಳಬೇಡಿ, ಹಿಂದಿನಿಂದ ಬೇರೆ ಥ್ರೆಡ್ಡಿನಲ್ಲಿ ಕೇಳಿ. ಬದಲಾಗದ ಮಾಹಿತಿಯನ್ನು ಒಮ್ಮೆ ಓದಿ ಇಟ್ಟುಕೊಳ್ಳಿ. ಮದರ್‌ಬೋರ್ಡಿನ ಹೆಸರನ್ನು ಪ್ರತಿ ಬಿಲ್ಲಿಗೂ ಕೇಳುವ ಅಗತ್ಯ ಇಲ್ಲ.

ಪ್ರೊಸೆಸರಿನ ಬಿಸಿ ಎಷ್ಟಿದೆ ಅಂತ ತೋರಿಸಬೇಕು. 3232 ಅಂತ ಏನೋ ಬಂತು!

ಎಂಎಸ್‌ಎಸಿಪಿಐ_ಥರ್ಮಲ್‌ಝೋನ್‌ಟೆಂಪರೇಚರ್ ಓದಿದ್ದೀರಿ. ಅದು ಕೆಲ್ವಿನ್ನಿನ ಹತ್ತನೇ ಒಂದು ಭಾಗದಲ್ಲಿ ಇರುತ್ತದೆ. 3232ನ್ನು 10ರಿಂದ ಭಾಗಿಸಿ 273.15 ಕಳೆಯಿರಿ: ಸುಮಾರು 50 ಡಿಗ್ರಿ. ಅಡ್ಮಿನ್ ಅನುಮತಿ ಇಲ್ಲದೆ ಇದು ಸಿಗುವುದಿಲ್ಲ.

ಲೆಕ್ಕ ಸರಿ, ಆದರೆ ಅದು ಪ್ರೊಸೆಸರಿನದೇ ಬಿಸಿ ಎಂದು ಹೇಳಲಾಗದು. ಬೋರ್ಡಿನ ಯಾವುದೋ ಒಂದು ಜಾಗದ್ದು ಇರಬಹುದು. ಕೆಲವು ಬೋರ್ಡುಗಳಲ್ಲಿ ಬೆಳಗಿನಿಂದ ಸಂಜೆ ತನಕ ಒಂದೇ ಅಂಕಿ ಬರುತ್ತದೆ. ಪ್ರೊಸೆಸರಿನ ಒಳಗಿನ ಸೆನ್ಸರ್ ಓದಬೇಕಾದರೆ ಕರ್ನಲ್ ಡ್ರೈವರ್ (ಸಿಸ್ಟಮಿನ ತಿರುಳಿನೊಳಗೇ ಓಡುವ ಡ್ರೈವರ್) ಬೇಕು. ವಿನ್‌ರಿಂಗ್0 ಎಂಬ ಹಳೆಯ ಡ್ರೈವರನ್ನು ಬಹಳ ಪ್ರೋಗ್ರಾಂಗಳು ಬಳಸುತ್ತಿದ್ದವು. ಅದರಲ್ಲಿ ಭದ್ರತೆಯ ತೂತು ಇದೆ, 2025ರಲ್ಲಿ ವಿಂಡೋಸ್ ಡಿಫೆಂಡರ್ ಅದನ್ನು ಅಪಾಯ ಎಂದು ಹಿಡಿಯತೊಡಗಿತು. ಬಿಲ್ಲಿಂಗ್ ಪ್ರೋಗ್ರಾಂಗೆ ಬಿಸಿ ತೋರಿಸಲೆಂದು ಅಂಥ ಡ್ರೈವರ್ ಹಾಕಬೇಡಿ. ಲಿನಕ್ಸ್‌ನಲ್ಲಾದರೆ ಎಚ್‌ಡಬ್ಲ್ಯುಮಾನ್ ಫೈಲಿನಿಂದ ಸಲೀಸಾಗಿ ಓದಬಹುದು.

ಡಿಸ್ಕ್ ಹಾಳಾಗುವ ಮುಂಚೆಯೇ ಗೊತ್ತು ಮಾಡೋಕೆ ಆಗುತ್ತಾ?

ಪೂರ್ತಿ ಅಲ್ಲ, ಆದರೆ ಬಹಳ ಸಲ ಸೂಚನೆ ಸಿಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವ ನಮ್ಮ ಜಿಲ್ಲೆಯಲ್ಲಿ ಪ್ರತಿ ಲೆಕ್ಕದ ಪ್ರೋಗ್ರಾಂ ಈ ಕೆಲಸ ಮಾಡಬೇಕು ಎಂಬುದು ನನ್ನ ಆಸೆ.

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಎನ್ನುತ್ತಾರೆ. ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಉಚಿತ ಸಾಫ್ಟ್‌ವೇರಿನ ಸ್ಮಾರ್ಟ್‌ಸಿಟಿಎಲ್ ಕಮಾಂಡನ್ನು ನಿಮ್ಮ ಪ್ರೋಗ್ರಾಂನಿಂದ ಓಡಿಸಿ, ಜೇಸನ್ ರೂಪದಲ್ಲಿ ಉತ್ತರ ತೆಗೆದುಕೊಳ್ಳಿ. ತಿರುಗುವ ಡಿಸ್ಕಿನಲ್ಲಿ 5 ಎಂಬ ಐಡಿಯ ಸಾಲು, ಕೆಟ್ಟು ಬದಲಿಸಿದ ಸೆಕ್ಟರುಗಳ ಎಣಿಕೆ. 197 ಎಂಬ ಐಡಿಯ ಸಾಲು, ಓದಲು ಕಷ್ಟಪಡುತ್ತಿರುವ ಸೆಕ್ಟರುಗಳು. ಇವೆರಡರ ಮೂಲ ಎಣಿಕೆ ಸೊನ್ನೆ ಇದ್ದರೆ ಒಳ್ಳೆಯದು. ವಾರದಿಂದ ವಾರಕ್ಕೆ ಏರುತ್ತಿದ್ದರೆ ಅವತ್ತೇ ಬ್ಯಾಕಪ್ ತೆಗೆಸಿ. ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ ಬೇರೆ ಲೆಕ್ಕ, ಎಷ್ಟು ಶೇಕಡಾ ಸವೆದಿದೆ ಎಂದೇ ಬರುತ್ತದೆ.

ವಿಂಡೋಸ್ ತಾನಾಗಿ ಕೊಡುವ "ಡಿಸ್ಕ್ ಸರಿ ಇದೆ" ಎಂಬ ಉತ್ತರವನ್ನಷ್ಟೇ ನಂಬಿ ಕೂರಬೇಡಿ. ಅದು ತೀರಾ ತಡವಾಗಿ ಬಾಯಿ ಬಿಡುತ್ತದೆ. ಇನ್ನು, ಯುಎಸ್‌ಬಿ ಡಬ್ಬಿಯಲ್ಲಿ ಇರುವ ಡಿಸ್ಕ್ ಆದರೆ ಡಬ್ಬಿಯೊಳಗಿನ ಚಿಪ್ ನಡುವೆ ನಿಂತು ಕೆಲವೊಮ್ಮೆ ಏನನ್ನೂ ತೋರಿಸುವುದಿಲ್ಲ.

ನನ್ನ ಪ್ರೋಗ್ರಾಂ ವರ್ಚುವಲ್ ಮೆಷಿನ್ ಒಳಗೆ ಓಡ್ತಾ ಇದೆಯಾ ಅಂತ ತಿಳಿಯೋದು ಹೇಗೆ?

ಸಿಪಿಯುಐಡಿಯನ್ನು ಇಎಎಕ್ಸ್ ಎಂಬ ರಿಜಿಸ್ಟರಿನಲ್ಲಿ 1 ಇಟ್ಟು ಕರೆದು, ಇಸಿಎಕ್ಸ್ ರಿಜಿಸ್ಟರಿನ 31ನೇ ಬಿಟ್ ನೋಡಿ. 1 ಇದ್ದರೆ ಕೆಳಗೆ ಹೈಪರ್‌ವೈಸರ್ (ವರ್ಚುವಲ್ ಮೆಷಿನ್ ಓಡಿಸುವ ಸಾಫ್ಟ್‌ವೇರ್) ಇದೆ. ಆದರೆ ಆತುರ ಬೇಡ. ಹೊಸ ವಿಂಡೋಸ್ 11 ಮೆಷಿನ್ನುಗಳಲ್ಲಿ ಭದ್ರತೆಗಾಗಿ ವಿಂಡೋಸ್ ತಾನೇ ಒಂದು ಹೈಪರ್‌ವೈಸರ್ ಮೇಲೆ ಓಡುತ್ತಿರಬಹುದು. ಆಗ ಸಾಮಾನ್ಯ ಲ್ಯಾಪ್‌ಟಾಪಿನಲ್ಲೂ ಆ ಬಿಟ್ 1 ಇರುತ್ತದೆ. ಎಸ್‌ಎಂಬಯೋಸಿನ ಮಾಡೆಲ್ ಹೆಸರನ್ನೂ ಜೊತೆಗೆ ನೋಡಿ. ವರ್ಚುವಲ್‌ಬಾಕ್ಸ್, ವಿಎಂವೇರ್ ಎಂದೇ ಅಲ್ಲಿ ಬರೆದಿರುತ್ತದೆ.

ಆಂಡ್ರಾಯ್ಡ್ ಆ್ಯಪ್‌ನಲ್ಲಿ ಐಎಂಇಐ (ಫೋನಿನ ಗುರುತಿನ ನಂಬರ್) ತೆಗೆಯುವ ಕೋಡ್ ಮೊದಲು ಓಡುತ್ತಿತ್ತು, ಈಗ ಇಲ್ಲ. ದಾರಿ ಉಂಟಾ?

ಇಲ್ಲ. 2019ರ ಆಂಡ್ರಾಯ್ಡ್ 10ರಿಂದ ಸಾಮಾನ್ಯ ಆ್ಯಪ್‌ಗಳಿಗೆ ಐಎಂಇಐ, ಸೀರಿಯಲ್ ನಂಬರ್ ಎರಡೂ ಬಂದ್. ಆಂಡ್ರಾಯ್ಡ್ ಐಡಿ ಬಳಸಬಹುದು. ಆದರೆ ಆಂಡ್ರಾಯ್ಡ್ 8ರಿಂದ ಅದು ಆ್ಯಪ್‌ಗೆ ಹಾಕಿದ ಸಹಿಯ ಮೇಲೆ ನಿಂತಿದೆ, ಫೋನನ್ನು ಫ್ಯಾಕ್ಟರಿ ರಿಸೆಟ್ ಮಾಡಿದರೆ ಬದಲಾಗುತ್ತದೆ.

ಇದನ್ನೆಲ್ಲ ತೆಗೆದು ನಮ್ಮ ಸರ್ವರಿಗೆ ಕಳಿಸಿದರೆ ಕಾನೂನಿನ ತೊಂದರೆ ಇದೆಯಾ?

ಒಬ್ಬ ವ್ಯಕ್ತಿಯ ಹೆಸರು, ಫೋನ್ ನಂಬರಿನ ಜೊತೆ ಸೀರಿಯಲ್ ನಂಬರ್ ಸೇರಿಸಿ ಇಟ್ಟರೆ ಅದು ಆ ವ್ಯಕ್ತಿಯ ಮಾಹಿತಿಯೇ ಆಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಂಥ ಮಾಹಿತಿಗೆ ಒಪ್ಪಿಗೆ ಕೇಳಿ ಎನ್ನುತ್ತದೆ, ಯಾತಕ್ಕೆ ಎಂದು ತಿಳಿಸಿ ಎನ್ನುತ್ತದೆ. ಇನ್‌ಸ್ಟಾಲ್ ಮಾಡುವಾಗ ಕನ್ನಡದಲ್ಲೇ ಎರಡು ಸಾಲು ಬರೆದು ಕೇಳಿ: ಏನು ತೆಗೆಯುತ್ತೇವೆ, ಯಾಕೆ. ನಂಬರನ್ನು ಹಾಗೇ ಕಳಿಸದೆ ಹ್ಯಾಶ್ ಮಾಡಿ ಕಳಿಸಿ. ಬೇಡದ್ದನ್ನು ತೆಗೆಯಲೇಬೇಡಿ.

ಕಾರವಾರದ ಒಂದು ಆಫೀಸಿನಲ್ಲಿ ಇಪ್ಪತ್ತು ಮೆಷಿನ್ ಇವೆ. ಕೂತಲ್ಲಿಂದಲೇ ಎಲ್ಲದರ ಪಟ್ಟಿ ಮಾಡಬಹುದಾ?

ಮಾಡಬಹುದು. ಎಲ್ಲ ಮೆಷಿನ್ನಿನಲ್ಲೂ ವಿನ್‌ಆರ್‌ಎಂ (ದೂರದಿಂದ ಕೇಳಿದ್ದಕ್ಕೆ ಉತ್ತರ ಕೊಡುವ ವಿಂಡೋಸ್ ಸೇವೆ) ಚಾಲೂ ಮಾಡಿ, ಫೈರ್‌ವಾಲಿನಲ್ಲಿ ಪೋರ್ಟ್ 5985 ಆಫೀಸಿನ ಒಳಗಿನ ನೆಟ್‌ವರ್ಕಿಗೆ ಮಾತ್ರ ತೆರೆಯಿರಿ. ಆಮೇಲೆ ಅದೇ ಗೆಟ್-ಸಿಮ್‌ಇನ್‌ಸ್ಟನ್ಸ್‌ಗೆ ಕಂಪ್ಯೂಟರಿನ ಹೆಸರು ಕೊಟ್ಟು ಕೇಳಿದರೆ ಆಯ್ತು. ಡೊಮೈನ್ (ಎಲ್ಲ ಮೆಷಿನ್ನಿನ ಲಾಗಿನ್ ಒಂದೇ ಸರ್ವರಿನಿಂದ ನಡೆಸುವ ವ್ಯವಸ್ಥೆ) ಇಲ್ಲದ ಆಫೀಸಾದರೆ ನಿಮ್ಮ ಮೆಷಿನ್ನಿನ ಟ್ರಸ್ಟೆಡ್‌ಹೋಸ್ಟ್ಸ್ ಪಟ್ಟಿಗೆ ಆ ಹೆಸರುಗಳನ್ನು ಸೇರಿಸಿ, ಯೂಸರ್ ಹೆಸರು ಪಾಸ್‌ವರ್ಡ್ ಕೊಟ್ಟು ಕೇಳಬೇಕು. ಆಫ್ ಇರುವ ಮೆಷಿನ್ ಉತ್ತರ ಕೊಡುವುದಿಲ್ಲ, ಅದಕ್ಕೆ ಕಾಯುವ ಸಮಯಕ್ಕೆ ಒಂದು ಮಿತಿ ಹಾಕಿ. ಉತ್ತರ ಬಾರದ ಮೆಷಿನ್ನುಗಳ ಹೆಸರನ್ನು ಬೇರೆ ಬರೆದಿಟ್ಟು ಮರುದಿನ ಬೆಳಿಗ್ಗೆ, ಎಲ್ಲರೂ ಬಂದು ಕೂತ ಮೇಲೆ, ಅಷ್ಟನ್ನೇ ಮತ್ತೆ ಕೇಳಿ.